ಎರಡು ಮಣೆಗಳ ಮೇಲೆ ಎಳೆದ ಗೆರೆ

ಎಂಬತ್ತರ ದಶಕದಲ್ಲಿ, ಮುಂಬಯಿಯ ಆಂಟಾಪ್ ಹಿಲ್‌ನ ಕಾಲೊನಿಯಲ್ಲಿ ನಾವಿದ್ದಾಗ, ಪಂಚಾಂಗ ನೋಡಿ ನೆರೆಹೊರೆಯವರಿಗೆ ಮುಹೂರ್ತ ಹೇಳುವ ಭಾಗ್ಯವನ್ನು ಭಗವಂತ ನನಗೆ ಕರುಣಿಸಿದ್ದ. ನನ್ನ ಸೊಸೆ ಭೂವಿಜ್ಞಾನ ಓದಿದವಳು. ಅವಳ ಕಚೇರಿ ಕಛ್ ಸೀಮೆಗೆ ಕುಡಿಯುವ ನೀರು ಒಯ್ಯುವ ಕೊಳವೆಮಾರ್ಗವೊಂದನ್ನು ರೂಪಿಸುತ್ತಿತ್ತು. ಆ ಮಾರ್ಗವು ಒಂದೆಡೆ ಸ್ತರಭಂಗವನ್ನು, ಅಂದರೆ ಭೂಕಂಪದಲ್ಲಿ ನೆಲ ಜಾರುವ ಹಳೆಯ ಬಿರುಕನ್ನು, ದಾಟಬೇಕಿತ್ತು. ಅಲ್ಲಿ ನೆಲ ಎಷ್ಟು ಸರಿದೀತೆಂದು ಅಂದಾಜಿಸುವ ಹೊಣೆ ಅವಳದು. ಕೊಳವೆಯನ್ನು ಅಲ್ಲಿ ಹೂಳಲೇಬಾರದೆಂದು ಅವಳು ಬರೆದುಕೊಟ್ಟಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಧಾರವಾಡದ ಕಡೆಯವರಾದ ಅವಳ ಮೇಲಧಿಕಾರಿ, ಕಾಮಗಾರಿಯ ಭೂಮಿಪೂಜೆಗೆ ಮುಹೂರ್ತ ಕೇಳಲು ಮನೆಗೆ ಬಂದರು.

“ನೀವೇನೋ ಮುಹೂರ್ತ ಕೊಡ್ತೀರಿ ಅಜ್ಜಾರ, ನಿಮ್ಮ ಸೊಸಿ ಬಿಡಬೇಕಲ್ರಿ!” ಎಂದು ನಕ್ಕರು. “ಭೂಮಿ ನಡುಗೀತು, ಮತ್ತ ಸುಮ್ಮನಾದೀತು. ಅದಕ್ಯಾಕ ಇಷ್ಟು ಅಂಜಿಕಿ?”

ಸೊಸೆ ಎರಡು ಮಣೆಗಳನ್ನು ತಂದು ಜೋಡಿಸಿಟ್ಟು, ಎರಡನ್ನೂ ಹಾಯುವಂತೆ ರಂಗೋಲಿಯ ಒಂದೇ ಗೆರೆ ಎಳೆದಳು. ಮಣೆಗಳನ್ನು ಒಟ್ಟಿಗೆ ಮೆಲ್ಲನೆ ಅಲುಗಿಸಿದಳು, ಗೆರೆ ಉಳಿಯಿತು.

“ಇದು ನಡುಕ ಸರ್.”

ಬಳಿಕ ಒಂದು ಮಣೆಯನ್ನು ಅಂಗೈಯಗಲ ಸರಿಸಿದಳು. ಗೆರೆ ತುಂಡಾಯಿತು.

“ಇದು ಸರಿಯೋದು. ನಡುಕ ನಿಲ್ಲತ್ತೆ, ಆದ್ರೆ ಸರಿದ ನೆಲ ವಾಪಸ್ ಬರಲ್ಲ.”

“ಯಾವಾಗ ಸರೀತದ? ಅದನ್ನಾರ ಹೇಳವಾ.”

“ಯಾವಾಗ ಅಂತ ಹೇಳಕ್ಕಾಗಲ್ಲ ಸರ್. ಅಲ್ಲಿ ಕಂದಕ ತೋಡಿಸಿ ನೋಡಿದೀನಿ. ಮಣ್ಣಿನ ಪದರಗಳು ಹಿಂದೆ ಒಂದಕ್ಕಿಂತ ಹೆಚ್ಚು ಸಲ ಹೀಗೇ ತುಂಡಾಗಿವೆ. ಪೈಪ್ ಬಾಳೋವರೆಗೆ ಮತ್ತೆ ಆಗೋ ಸಾಧ್ಯತೆ ಕಮ್ಮಿ, ಆದ್ರೆ ಇಲ್ಲ ಅನ್ನೋಷ್ಟಲ್ಲ. ಆದ ದಿನ ಅಷ್ಟೂ ಊರುಗಳಿಗೆ ನೀರಿರಲ್ಲ.”

ಗ್ರಹಣದ ಸ್ಪರ್ಶಕಾಲವನ್ನು ಗಳಿಗೆ ತಪ್ಪದೆ ಗಣಿಸುವ ವಿದ್ಯೆಯಲ್ಲಿ ಬೆಳೆದವನು ನಾನು. ಗಳಿಗೆ ತಿಳಿಯದಿದ್ದರೂ ತಿಳಿದಷ್ಟನ್ನು ಅಳೆದು, ಹಿರಿಯರೆದುರು ಅಳುಕದೆ ನುಡಿಯುವ ವಿದ್ಯೆಯನ್ನು ಅಂದು ಕಂಡೆ.

ಅಧಿಕಾರಿಗಳು ಬಾಗಿ, ತುಂಡಾದ ಗೆರೆಯ ಎರಡು ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಹಂಗಾರ ಏನು ಮಾಡೂಣು?”

“ಆ ಜಾಗದಲ್ಲಿ ಪೈಪು ನೆಲದ ಮೇಲಿರಲಿ. ಜಾರೋ ಆಸರೆಗಳ ಮೇಲೆ, ಬಳುಕೋಕೆ ಎಡೆ ಕೊಟ್ಟು ಕೂರಿಸಿದ್ರೆ, ನೆಲ ಸರಿದ್ರೂ ತಾಳಿಕೊಳ್ಳತ್ತೆ.”

“ಆತು, ಹಂಗ ಮಾಡೂಣು. ಮ್ಯಾಲಿನವರ ಮುಂದ ಈ ಮಣಿ ನಾನ ಹೊತ್ಕೊಂಡು ಹೋಗ್ತೀನಿ,” ಎಂದು ಅವರು ನಕ್ಕು, ನನ್ನತ್ತ ತಿರುಗಿದರು. “ಮುಹೂರ್ತ, ಅಜ್ಜಾರ?”

ಪಂಚಾಂಗ ಕೈಯಲ್ಲಿತ್ತು. ತೆರೆಯುವ ಮುನ್ನ ಸೊಸೆಯನ್ನು ಕೇಳಿದೆ: “ನಕ್ಷೆ ತಿದ್ದೋದು ಯಾವಾಗ ಮುಗಿಯತ್ತಮ್ಮ?”

“ಅಮಾವಾಸ್ಯೆ ಹೊತ್ತಿಗೆ, ಮಾವ.”

ಶುಕ್ಲಪಕ್ಷದ ಪಂಚಮಿಯನ್ನು ಗುರುತಿಸಿ ಕೊಟ್ಟೆ. ನಕ್ಷತ್ರಗಳಿಗಿಂತ ಮೊದಲು ಸೊಸೆಯನ್ನು ಕೇಳಿ ಇಟ್ಟ ಮುಹೂರ್ತ ನನ್ನ ಬಾಳಿನಲ್ಲಿ ಅದೊಂದೇ. ಅಷ್ಟು ನೆಮ್ಮದಿಯಿಂದ ಬೇರಾವುದನ್ನೂ ನಾನು ಇಟ್ಟಿಲ್ಲ.