ಬಸ್‌ಸ್ಟ್ಯಾಂಡ್ ಹಿಂದಿನ ಬೀಗದ ಕೈ

ನಾನು ಓದು ಬಿಟ್ಟದ್ದು ೧೯೮೮ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ. ಆಮೇಲೆ ಬಿಳಿಗೆರೆ ಕಡೆಯ ತೋಟಗಳಲ್ಲಿ ಏಳು ವರ್ಷ ಕಾಯಿ ಸುಲಿದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮೂರೇ ತಿರುವಿಗೆ ಮಟ್ಟೆ ಬೇರೆ ಮಾಡುತ್ತಿದ್ದೆ. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ಕಾಯಿ ಸುಲಿಯಲು ತಡವರಿಸಿದರೆ ಕ್ಯಾಮೆರಾ ಕೆಳಗಿಟ್ಟು ತೋರಿಸಿಕೊಡುತ್ತೇನೆ. ಫೋಟೋ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುವುದರಿಂದ ಶುರು ಮಾಡಿ ಸ್ವಂತದ್ದೊಂದು ಸ್ಟುಡಿಯೋ ಹಾಕಿದೆ. ಯಾರ ಶಿಫಾರಸೂ ಇಲ್ಲ, ಯಾರ ಮನೆ ಬಾಗಿಲೂ ಕಾಯಲಿಲ್ಲ. ಈ ಮಾತನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತೇನೆ ಎಂದು ಹೆಂಡತಿ ರೇಗಿಸುತ್ತಾಳೆ.

ಮೂರು ವರ್ಷದ ಹಿಂದೆ ನಮ್ಮ ಪಟ್ಟಣದ ಕೇಬಲ್‌ನವರು ಒಂದು ಕಾರ್ಯಕ್ರಮ ಮಾಡಿಕೊಡಲು ಕೇಳಿದರು. ಊರಿನ ಮುಖಂಡರ ಜೊತೆ ರಾಜಕೀಯ, ಹಣಕಾಸು, ಸಂಸ್ಕೃತಿ ಕುರಿತು ಮಾತುಕತೆ. ಕ್ಯಾಮೆರಾವೂ ನನ್ನದೇ, ಪ್ರಶ್ನೆಯೂ ನನ್ನದೇ. ಎಂಟನೇ ಕ್ಲಾಸು ಮುಗಿಸದವನ ಎದುರು ದೊಡ್ಡವರು ಕೂತು ಉತ್ತರ ಹೇಳುತ್ತಾರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನನ್ನ ಹೆಂಡತಿ ಮಾಯಸಂದ್ರದವಳು. ಬಸ್‌ಸ್ಟ್ಯಾಂಡಿನ ಪಕ್ಕ ಇನ್ನೈದು ಹೆಂಗಸರ ಜೊತೆ ಕೂತು ಹೂವು ಮಾರುತ್ತಾಳೆ. ನಾನು ಬೇಡವೆಂದರೂ ಬಿಟ್ಟಿಲ್ಲ, ಅವಳದೂ ನನ್ನಂಥದೇ ಹಟ. ಬಸ್‌ಸ್ಟ್ಯಾಂಡಿನ ಹಿಂದಿದ್ದ ಹಳೆಯ ಶೌಚಾಲಯ ಕೆಡವಿ ಪಟ್ಟಣ ಪಂಚಾಯಿತಿಯವರು ಹೆಂಗಸರಿಗೆಂದೇ ಹೊಸದು ಕಟ್ಟಿದರು. ಬಣ್ಣ ಹೊಡೆದರು, ಬೀಗ ಹಾಕಿದರು. ಬೀಗ ತೆಗೆಯಲೇ ಇಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಕೆಲಸ ಶುರು ಮಾಡಿಸಿದ ಹಿಂದಿನ ಅಧ್ಯಕ್ಷರ ಹೆಸರೋ, ಮುಗಿಸಿದ ಈಗಿನವರ ಹೆಸರೋ ಎಂಬುದು ತೀರ್ಮಾನವಾಗಿರಲಿಲ್ಲ. ಎದುರಿನ ಹೋಟೆಲಿನವರು ಒಂದೆರಡು ಸಲ ಒಳಗೆ ಬಿಟ್ಟು, ಆಮೇಲೆ ‘ಗಿರಾಕಿಗಳಿಗೆ ಮಾತ್ರ’ ಎಂದು ಬರೆಸಿದರು.

ಹಾಗಾಗಿ ಅವಳು ಬೆಳಿಗ್ಗೆ ಆರಕ್ಕೆ ಬುಟ್ಟಿ ಇಟ್ಟರೆ ಮಧ್ಯಾಹ್ನ ಮೂರಕ್ಕೆ ಮನೆಗೆ ಬರುವ ತನಕ ನೀರು ಕುಡಿಯುತ್ತಿರಲಿಲ್ಲ. ಕಿಡ್ನಿಯಲ್ಲಿ ಕಲ್ಲಾಯಿತು. ಚೆನ್ನಾಗಿ ನೀರು ಕುಡಿಯಮ್ಮ ಎಂದರು ಡಾಕ್ಟರು.

“ಕುಡಿಯೋದು ಕುಡೀತೀನಿ ಸಾರ್, ಹೋಗೋದೆಲ್ಲಿಗೆ?” ಎಂದಳು. ಡಾಕ್ಟರು ಚೀಟಿ ಬರೆಯುತ್ತಾ ಕೂತರು.

ಸಂದರ್ಶನದ ವಿಷಯ ಹೇಳಿದಾಗ ಅವಳಿಗೆ ಬೇರೇನೂ ಕಾಣಲಿಲ್ಲ. “ಅವ್ರೆಲ್ಲ ನಿಮ್ ಮುಂದೇನೇ ಕೂತ್ಕತ್ತಾರಲ್ಲ, ಒಂದ್ ಮಾತು ಕೇಳ್ಕಂಡ್ ಬನ್ನಿ.”

“ಕೇಳ್ತೀನಿ. ನನ್ ಹೆಂಡ್ತಿಗೆ ಅಂತ ಮಾತ್ರ ಕೇಳಲ್ಲ ಕಣೇ. ಸಾರ್ವಜನಿಕರ ಪರವಾಗಿ ಕೇಳ್ತೀನಿ.”

“ಯಾರ್ ಪರವಾಗಾದ್ರೂ ಕೇಳಿ. ಬೀಗ ತೆಗ್ದ್ರೆ ಸಾಕು.”

ಮೊದಲು ಹೋದದ್ದು ಸಾಂಸ್ಕೃತಿಕ ಸಂಘದ ಹಿರಿಯರ ಮನೆಗೆ. ನಮ್ಮಲ್ಲಿ ಪದ್ಧತಿ ಇದೆಯಲ್ಲ, ಕ್ಯಾಮೆರಾ ಎದುರೇ ಶಾಲು ಹೊದಿಸಿ, ಹಾರ ಹಾಕಿ, ಬಗ್ಗಿ ನಮಸ್ಕಾರ ಮಾಡಿದೆ. ಅಲ್ಲೇ ಎಡವಿದ್ದು. ಈಗಷ್ಟೇ ಯಾರ ಕಾಲು ಮುಟ್ಟಿದೆನೋ ಅವರನ್ನೇ ತಲೆಯೆತ್ತಿ ಪ್ರಶ್ನೆ ಕೇಳುವುದು ಹೇಗೆ? ಪೌರಾಣಿಕ ನಾಟಕ, ಹಾರ್ಮೋನಿಯಂ ಮೇಷ್ಟ್ರುಗಳು, ಹಳೆಯ ಕಾಲದ ಸೀನರಿ ಪರದೆಗಳು ಎಂದು ಅವರು ಬಹಳ ಹೊತ್ತು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಯಲ್ಲಿ ಮೆಲ್ಲಗೆ ಶೌಚಾಲಯದ ಮಾತೆತ್ತಿದೆ.

“ಅದು ಸಂಸ್ಕೃತಿಗೆ ಬರಲ್ಲ ಕಣಪ್ಪ. ಹಣಕಾಸಿನೋರ್ನ ಕೇಳು. ಇದನ್ನ ಕಟ್ ಮಾಡ್ಬುಡು,” ಎಂದರು.

ಕಟ್ ಮಾಡಿದೆ. ಟಿ.ವಿ.ಯಲ್ಲಿ ನೋಡಿದ ಹೆಂಡತಿ ಕೇಳಿದಳು, “ನೀವು ಕೇಳ್ಲೇ ಇಲ್ವಲ್ಲ?”

“ಕೇಳ್ದೆ. ಕಟ್ಟಾಗೋಯ್ತು.”

“ಕಟ್ ಮಾಡಿದ್ಯಾರು?”

ನಾನು ಎದ್ದು ಹೋಗಿ ಟಿ.ವಿ. ಆರಿಸಿದೆ.

ಎರಡನೆಯವರು ಪಟ್ಟಣದ ಹಣಕಾಸು ನೋಡಿಕೊಳ್ಳುವ ಸಮಿತಿಯವರು. ಮೊದಲು ಪ್ರಶ್ನೆ, ಆಮೇಲೆ ಶಾಲು ಎಂದು ಗಟ್ಟಿ ಮಾಡಿಕೊಂಡು ಶಾಲನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಅವರದೋ ಕಣ್ಣೆಲ್ಲ ಚೀಲದ ಮೇಲೆ. “ಆ ಕಾರ್ಯಕ್ರಮ ಮೊದ್ಲು ಮುಗಿಸ್ಬುಡಿ. ಹಾರ ಬಾಡೋಯ್ತದೆ,” ಎಂದರು. ಹೊದಿಸಿದೆ. ಆದರೂ ಈ ಸಲ ಕೇಳಿದೆ. ಕಟ್ಟಡಕ್ಕೆ ದುಡ್ಡಿತ್ತು, ನೀರಿಗೂ ಗುಡಿಸುವವರಿಗೂ ಬಾಬತ್ತು ಇಲ್ಲ, ಮುಂದಿನ ಸಭೆಗೆ ಇಡುತ್ತೇವೆ, ಬೀಗದ ವಿಷಯ ಅಧ್ಯಕ್ಷರದು ಎಂದರು. ಅದನ್ನು ಕಟ್ ಮಾಡದೆ ಹಾಕಿದೆ. ಹೂವಿನ ಹೆಂಗಸರು ಆರೂ ಜನ ಪಕ್ಕದ ಅಂಗಡಿಯ ಟಿ.ವಿ. ಮುಂದೆ ನಿಂತು ನೋಡಿದರು. ಸಭೆ ಆಯಿತು. ಬಾಬತ್ತು ಬರಲಿಲ್ಲ.

ಆ ತಿಂಗಳೇ ಹೆಂಡತಿ ಹೂವಿನ ಬುಟ್ಟಿಯ ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟಳು. ಜೊತೆಯವರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ಮಾರನೆಯ ದಿನವೇ ಅಧ್ಯಕ್ಷರ ಸಂದರ್ಶನವಿತ್ತು. ಬಿಟ್ಟರೆ ಮತ್ತೆ ಸಿಗುವವರಲ್ಲ ಎಂದು ಹೋದೆ.

ಶಾಲು ಹೊದಿಸಿ ಮೊದಲ ಪ್ರಶ್ನೆಯಾಗಿಯೇ ಬೀಗದ ವಿಷಯ ಕೇಳಿದೆ.

“ನೋಡಿ, ಹಳೇ ಅಧ್ಯಕ್ಷರ ಹೆಸರು ಹಾಕಿದ್ರೆ ನಮ್ಮೋರು ಬುಡಲ್ಲ. ನನ್ ಹೆಸರು ಹಾಕಿದ್ರೆ ಅವ್ರು ಕೋರ್ಟಿಗೆ ಹೋಯ್ತಾರೆ,” ಎಂದರು.

“ಕಲ್ಲೇ ಬ್ಯಾಡ ಸಾರ್. ಬೀಗ ತೆಗ್ದ್ರೆ ಸಾಕು.”

“ಕಲ್ಲಿಲ್ದೆ ತೆಗ್ದ್ರೆ ಕಟ್ಸಿದ್ಯಾರು ಅಂತ ಜನಕ್ಕೆ ಹೆಂಗ್ರೀ ಗೊತ್ತಾಗ್ಬೇಕು?”

ಯಾರ ಬಾಗಿಲಲ್ಲೂ ಆಡದ ಮಾತು ಬಂದುಬಿಟ್ಟಿತು. “ನನ್ ಹೆಂಡ್ತಿ ಅಲ್ಲೇ ಹೂವು ಮಾರ್ತಾಳೆ ಸಾರ್. ನಿನ್ನೆಯಿಂದ ಆಸ್ಪತ್ರೇಲಿದ್ದಾಳೆ.”

ಕ್ಯಾಮೆರಾ ಆರಿಸಲು ಹೇಳಿದರು. ಅವರ ಮುಖ ನಿಜವಾಗಿ ಸಣ್ಣದಾಯಿತು, ಕೆಟ್ಟ ಮನುಷ್ಯರಲ್ಲ. “ಮೊದ್ಲೇ ಹೇಳೋದಲ್ವೇನಯ್ಯ?” ಎಂದು ಮೇಜಿನ ಡ್ರಾಯರ್ ಎಳೆದು ಒಂದು ಬೀಗದ ಕೈ ತೆಗೆದರು. “ನಿಮ್ಮನೆಯೋರಿಗೆ ಮಾತ್ರ. ಬ್ಯಾರೆಯೋರಿಗೆ ಗೊತ್ತಾದ್ರೆ ಎಲ್ರೂ ಬತ್ತಾರೆ.” ಹೊರಡುವಾಗ ತಾವು ಹೊದ್ದಿದ್ದ ಶಾಲು ತೆಗೆದು ನನಗೇ ಹೊದಿಸಿದರು.

ಎಲ್ಲರೂ ಬರಲಿ ಎಂದೇ ಅಲ್ಲವೇ ಅದನ್ನು ಕಟ್ಟಿದ್ದು? ಆ ಮಾತು ಹೊಳೆದದ್ದು ಬೀದಿಗೆ ಬಂದ ಮೇಲೆ. ಒಳಗೆ ನಾನು ಯಾರಿಗೂ ಹೇಳುವುದಿಲ್ಲ ಎಂದು ಎರಡೂ ಕೈಯೊಡ್ಡಿ ತೆಗೆದುಕೊಂಡಿದ್ದೆ.

ಆಸ್ಪತ್ರೆಯ ಮಂಚದ ಮೇಲೆ ಅವಳು ಬೀಗದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನಾನೊಬ್ಳು ಹೋಗಿ ಬೀಗ ಹಾಕ್ಕಂಡ್ ಬಂದು, ಮಿಕ್ಕೋರ ಮುಖ ಹೆಂಗೆ ನೋಡ್ಲಿ? ಆಟೋ ಹತ್ತಿಸ್ದೋರೇ ಅವ್ರು.”

“ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟಿದೀನಿ ಕಣೇ.”

“ನೀವ್ ಕೊಟ್ಟಿದೀರ. ನಾನ್ ಕೊಟ್ಟಿಲ್ಲ.”

ವಾಪಸ್ಸು ಹೂವಿಗೆ ಕೂತ ಮೊದಲ ದಿನವೇ ಆರೂ ಜನ ಸರದಿಯಲ್ಲಿ ಹೋಗಿಬಂದರು. ನಲ್ಲಿಯಲ್ಲಿ ನೀರಿರಲಿಲ್ಲ, ಹೂವಿಗೆ ಚಿಮುಕಿಸಲು ತಂದಿದ್ದ ಕೊಡವನ್ನೇ ಒಯ್ದಿದ್ದರಂತೆ. ಅಂದು ಅವಳು ಹಗಲಲ್ಲಿ ಎರಡು ಲೋಟ ನೀರು ಕುಡಿದಳು. ಮಾರನೆಯ ಬೆಳಿಗ್ಗೆ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

ಯಾರನ್ನು ಕೇಳಲಿ? ಬೀಗ ಏಕೆ ಬದಲಾಯಿಸಿದಿರಿ ಎಂದರೆ ನಿನ್ನ ಕೈಗೆ ಹಳೆಯದರ ಕೀಲಿ ಬಂದದ್ದು ಹೇಗೆ ಎನ್ನುತ್ತಾರೆ. ಮಾತು ತಪ್ಪಿದವನೂ ನಾನೇ ಆದೆ. ಅಧ್ಯಕ್ಷರು ಮತ್ತೆ ಸಂದರ್ಶನಕ್ಕೆ ದಿನ ಕೊಡಲಿಲ್ಲ. ಎದುರು ಸಿಕ್ಕರೆ ಮೊದಲಿನಂತೆಯೇ ನಗುತ್ತಾರೆ, ನಾನೂ ಕೈ ಮುಗಿಯುತ್ತೇನೆ.

ಈಗ ನನ್ನಲ್ಲಿರುವುದು ಇಷ್ಟು: ಒಂದು ಸ್ಟುಡಿಯೋ, ಎರಡು ಕ್ಯಾಮೆರಾ, ಪ್ರಸಾರವಾದ ಎರಡು ಸಂದರ್ಶನ, ಅರ್ಧಕ್ಕೆ ನಿಂತದ್ದು ಒಂದು, ಒಂದು ಶಾಲು, ಯಾವ ಬೀಗಕ್ಕೂ ಹೊಂದದ ಒಂದು ಬೀಗದ ಕೈ, ಮಧ್ಯಾಹ್ನ ಮೂರರ ತನಕ ನೀರು ಮುಟ್ಟದ ಹೆಂಡತಿ.