ಆಚೆ ದಂಡೆಯ ಐದು ಚಿಕ್ಕಿ

೧೯೮೬ರಲ್ಲಿ, ಏಳನೇ ತರಗತಿ ಅರ್ಧಕ್ಕೆ ಬಂದಾಗ, ನಾನು ಶಾಲೆ ಬಿಟ್ಟೆ. ಬಿಡಿಸಿದರು ಅಂತ ಯಾರ ಮೇಲೂ ಹೇಳುವುದಿಲ್ಲ. ಅಪ್ಪ ಕಲ್ಲು ಒಡೆಯುವಾಗ ಕಾಲು ಮುರಿದುಕೊಂಡಿದ್ದ, ಮನೆಗೆ ಗಟ್ಟಿ ಕೈ ಬೇಕಾಗಿತ್ತು, ನನ್ನ ಕೈ ಗಟ್ಟಿ ಇದ್ದವು. ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ದುಡಿಯದೆ ಉಂಡ ದಿನ ಇಲ್ಲ. ಬರೆಯುವ ರೂಢಿ ತಪ್ಪಿದ ನಾನು ಇದನ್ನು ಬರೆಯಲು ಕೂತದ್ದು ಡಾಂಬರಿನ ವಾಸನೆಯಿಂದ.

ಶಹಾಪುರದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಮಳೆಗಾಲದಲ್ಲಿ ಶೆಡ್ಡಿನ ತಗಡು ಸೋರಿತ್ತು. ಹೋದ ವಾರ ಅಲ್ಲಿ ಹಚ್ಚಲು ಹಳೇ ಡಬ್ಬಿಯಲ್ಲಿ ಡಾಂಬರು ಕಾಸಲು ಇಟ್ಟೆ. ಹೊಗೆ ಮೂಗಿಗೆ ಹೊಡೆದದ್ದೇ ತಡ, ಅದರ ಹಿಂದೆಯೇ ಹಸಿ ಬಿದಿರಿನ ವಾಸನೆ ಬಂತು, ತೊಯ್ದ ಚೀಲದ ವಾಸನೆ ಬಂತು... ನನ್ನ ಅಂಗಡಿಯಲ್ಲಿ ಬಿದಿರೂ ಇಲ್ಲ, ಚೀಲವೂ ಇಲ್ಲ. ಅವು ಹೊಳೆ ಕಾಕಾನ ಹರಿಗೋಲಿನ ವಾಸನೆ. ವರ್ಷಕ್ಕೊಮ್ಮೆ ನಾವಿಬ್ಬರೂ ಅದನ್ನು ಬೋರಲು ಹಾಕಿ, ತಳಕ್ಕೆ ಡಾಂಬರು ಬಳಿಯುತ್ತಿದ್ದೆವು.

ಸುರಪುರದಿಂದ ದಕ್ಷಿಣಕ್ಕೆ, ಕೃಷ್ಣೆಯ ದಂಡೆಯ ಮೇಲೆ ನಮ್ಮೂರು. ಆಗ ಹತ್ತಿರದಲ್ಲಿ ಸೇತುವೆ ಇರಲಿಲ್ಲ. ಹೊಳೆ ದಾಟಬೇಕೆಂದರೆ ಕಾಕಾನ ಹರಿಗೋಲೇ ಗತಿ. ಅವನು ನನಗೆ ರಕ್ತಸಂಬಂಧಿ ಅಲ್ಲ, ಬಾಜೂ ಮನೆಯವನು. ಆದರೆ ನಾಲ್ಕೂರಿನ ಮಂದಿ ಅವನನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ಗಿಡ್ಡ ಆಳು, ತೋಳು ಮಾತ್ರ ಹುರಿ ಹಗ್ಗದಂಥವು. ನಾನು ಇಪ್ಪತ್ತೆರಡಕ್ಕೆ ಅವನ ಜೊತೆ ಸೇರಿದೆ. ನೀರು ತಳ್ಳುವ ಹುಟ್ಟು ಎರಡು, ಮುಂದಿನದು ಅವನದು, ಹಿಂದಿನದು ನನ್ನದು.

ಹತ್ತಿ ಬಿಡಿಸುವ ಕಾಲ ಬಂದರೆ ಮೊದಲ ಸರದಿ ಬೆಳಕು ಹರಿಯುವ ಮುಂಚೆಯೇ. ಆಚೆ ದಂಡೆಯ ಹೊಲಗಳಿಗೆ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. ಆ ಚಳಿಗಾಲದಲ್ಲಿ ಹೊಳೆಯ ನಡುವೆ ಮಂಜು ಕೂರುತ್ತದೆ. ಲಾಟೀನಿನ ಬೆಳಕಿನಲ್ಲಿ ನಿಂತವರಿಗೆ ಆಚೆ ಕಡೆ ಬರೀ ಕಪ್ಪು. ಅದು ಕತ್ತಲೆಯೋ ಮಂಜೋ ತಿಳಿಯುವುದಿಲ್ಲ. ನಡುವೆ ಬಂಡೆಗಳಿವೆ. ಎಲ್ಲಕ್ಕಿಂತ ದೊಡ್ಡದಕ್ಕೆ ಎಮ್ಮೆಬಂಡೆ ಅಂತ ಹೆಸರು.

ಇದಕ್ಕೆ ಕಾಕಾನ ಹತ್ತಿರ ಒಂದು ಲೆಕ್ಕ ಇತ್ತು. ಆ ದಿನಗಳಲ್ಲಿ, ಆ ಹೊತ್ತಿಗೆ, ಆಚೆ ದಂಡೆಯ ಜಾಲಿಗಿಡಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಚಿಕ್ಕಿಗಳ ಒಂದು ಗೊಂಚಲು ನಿಲ್ಲುತ್ತದೆ. ನೆತ್ತಿಯ ಮೇಲೆ ಕಾಣುವ ಕೃತ್ತಿಕೆಯ ತಂಗಿಯ ಹಾಗೆ. ಒಂದು ದೊಡ್ಡದು, ಸುತ್ತ ಜೋಳದ ನುಚ್ಚಿನಂಥ ಸಣ್ಣವು. ಕಾಕಾ ದಂಡೆಯ ಹಾಸುಗಲ್ಲಿನ ಮೇಲೆ ನಿಂತು ಅವನ್ನು ಎಣಿಸುತ್ತಿದ್ದ. ಐದು ಕಂಡರೆ ಹೊಳೆ ಮೇಲೆ ಮಂಜಿಲ್ಲ, ಹತ್ತಬಹುದು. ನಾಲ್ಕಾದರೆ ನಿಧಾನ. ಮೂರೋ ಅದಕ್ಕಿಂತ ಕಡಿಮೆಯೋ ಆದರೆ ಬೆಂಕಿ ಹಾಕಿಕೊಂಡು ಕೂರಬೇಕು. ಮಂಜು ಏಳುವಾಗ ಸಣ್ಣ ಚಿಕ್ಕಿಗಳನ್ನು ಮೊದಲು ನುಂಗುತ್ತದೆ, ದೊಡ್ಡದನ್ನು ಕೊನೆಗೆ.

ಇನ್ನೊಂದು ಕಟ್ಟಳೆ ಇತ್ತು. ಮುಂದಿನ ಹುಟ್ಟಿನವನೊಬ್ಬನೇ ಎಣಿಸಬೇಕು. ಹಿಂದಿನವನಾಗಲಿ, ಹತ್ತುವವರಾಗಲಿ ಎಣಿಸಬಾರದು. ಇಬ್ಬರು ಎಣಿಸಿದರೆ ಹೊಳೆ ಸಿಟ್ಟಾಗುತ್ತದೆ ಅಂತ ನಂಬಿಕೆ. ಹೀಗಾಗಿ ಹಾಸುಗಲ್ಲಿನ ಮೇಲೆ ಕಾಕಾ ನಿಂತನೆಂದರೆ ಉಳಿದವರೆಲ್ಲ ತಲೆ ತಗ್ಗಿಸಿ ಸೆರಗಿನಲ್ಲಿ ಕೈ ಬಚ್ಚಿಟ್ಟುಕೊಳ್ಳುತ್ತಿದ್ದರು. ಕೂಲಿಯವರ ಹಿರಿಯಳು ಒಬ್ಬಳಿದ್ದಳು, ನಾವು ಹತ್ತಿ ಅಕ್ಕ ಅನ್ನುತ್ತಿದ್ದೆವು. ಅವಳಿಗೆ ಬಾಯಿ ಮುಚ್ಚಿ ನಿಲ್ಲುವುದು ಆಗುತ್ತಿರಲಿಲ್ಲ.

"ಎಷ್ಟದಾವೋ ಕಾಕಾ? ಲಗೂ ಹೇಳು, ಕಾಲು ಸೆಟದಾವ."

"ಐದ ಅದಾವ. ಹತ್ರಿ."

"ದಿನಾ ಐದ! ಮದಿವ್ಯಾದ ದಿನ ಕಾಕಿ ಮಾರಿ ನೋಡಿದಂಗ ನೋಡ್ತೀ, ಒಂದ ಹೆಚ್ಚ ಇಲ್ಲ, ಒಂದ ಕಡಿಮಿ ಇಲ್ಲ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ದಿನಾ ಐದು ಅಂದ ಆ ಮಾತಿನಲ್ಲಿ ಏನಿತ್ತು ಅಂತ ಹೊಳೆದದ್ದು ನಾಲ್ಕನೇ ಚಳಿಗಾಲದಲ್ಲಿ.

ಆ ವರ್ಷ ಕಾಕಾ ಬಲೆಯ ಕಣ್ಣುಗಳನ್ನು ನೋಡಿ ಹೆಣೆಯುತ್ತಿರಲಿಲ್ಲ, ಬೆರಳಿನಿಂದ ತಡವಿ ಹೆಣೆಯುತ್ತಿದ್ದ. ಚಹಾದ ಲೋಟ ಚಾಚಿದರೆ ಕೈ ಒಂದಿಷ್ಟು ಅತ್ತ ಹೋಗಿ ಇತ್ತ ಬರುತ್ತಿತ್ತು. ಒಂದು ಬೆಳಗ್ಗೆ ಐದು ಚಿಕ್ಕಿ ಅಂತ ಅವನು ಹೇಳಿದ್ದಕ್ಕೆ ಹೊರಟೆವು, ನಡುಹೊಳೆಯಲ್ಲಿ ಮಂಜು ನಮ್ಮನ್ನು ಮುಚ್ಚಿಕೊಂಡಿತು. ಎಮ್ಮೆಬಂಡೆಗೆ ನೀರು ಬಡಿಯುವ ಸದ್ದು ಎಡಕ್ಕೆ ಕೇಳಬೇಕು. ಅದು ಎದುರಿಗೆ ಕೇಳುತ್ತಿತ್ತು. ನಾನು ಕೂಗದೆ ಹಿಂದಿನ ಹುಟ್ಟನ್ನು ಊರಿ ಹರಿಗೋಲು ತಿರುಗಿಸಿದೆ. ಬಂಡೆ ಅಂಚಿಗೆ ಉಜ್ಜಿ ಹೋಯಿತು. ಹತ್ತಿದವರಿಗೆ ಗೊತ್ತಾಗಲಿಲ್ಲ. ಕಾಕಾನಿಗೆ ಗೊತ್ತಾಯಿತು.

ಮರುದಿನದಿಂದ ನಾನು ಕಟ್ಟಳೆ ಮುರಿದೆ. ಹರಿಗೋಲಿನ ನೆರಳಿನಲ್ಲಿ ಬಗ್ಗಿ, ಹಗ್ಗ ಬಿಚ್ಚುವವನ ಹಾಗೆ ನಟಿಸುತ್ತ ದಕ್ಷಿಣಕ್ಕೆ ನೋಡಿ ಎಣಿಸಿದೆ. ನನಗೆ ಐದು, ಕಾಕಾನಿಗೆ ಐದು. ಮರುದಿನ ನನಗೆ ನಾಲ್ಕು, ಕಾಕಾನಿಗೆ ಐದು. ಅದರ ಮರುದಿನ ನನಗೆ ಮತ್ತೆ ನಾಲ್ಕು... ಕಾಕಾನಿಗೆ ಐದು.

ಒಂದು ಮಧ್ಯಾಹ್ನ, ಇಬ್ಬರೇ ಇದ್ದಾಗ, ಮೆಲ್ಲಗೆ ತೆಗೆದೆ. "ಕಾಕಾ, ಯಾದಗಿರಿ ದವಾಖಾನಿಗಿ ಹೋಗಿ ಕಣ್ಣ ತೋರಿಸಿಕೊಂಡ ಬರೂಣೇನು?"

"ಯಾರ ಕಣ್ಣ?" ಅಂದ.

ಅಷ್ಟೇ ಅಂದದ್ದು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಅವನ ಸಿಟ್ಟು ನನಗೆ ತಿಳಿಯುತ್ತಿತ್ತು, ಯಾಕೆಂದರೆ ನಾನೂ ಅಂಥವನೇ. ಅವನಿಗೆ ಹೊಲ ಇರಲಿಲ್ಲ, ಮಕ್ಕಳಿರಲಿಲ್ಲ. ಅವನ ಹೆಸರೆಂದರೆ ಆ ಕಲ್ಲಿನ ಮೇಲೆ ನಿಂತು ಹೇಳುವ ಒಂದು ಮಾತು. ನಾಲ್ಕೂರು ಆ ಮಾತಿನ ಮೇಲೆ ಕಾಲಿಟ್ಟು ಹೊಳೆ ದಾಟುತ್ತಿತ್ತು.

ಐದನೇ ದಿನ ಹನ್ನೆರಡು ಮಂದಿ ಬಂದರು. ಹನ್ನೆರಡನೆಯವಳು ನನ್ನ ಹೆಂಡತಿ. ಮದುವೆಯಾಗಿ ಒಂದು ವರ್ಷವಾಗಿತ್ತು, ಅದೇ ಮೊದಲ ಸಲ ಅವಳು ಹತ್ತಿ ಬಿಡಿಸಲು ಹೊರಟಿದ್ದಳು. ಅವಳಿಗೆ ಈಜು ಬರುವುದಿಲ್ಲ. ಕಾಕಾ ಹಾಸುಗಲ್ಲಿನ ಮೇಲೆ ಹತ್ತಿ, ಹುಬ್ಬಿನ ಮೇಲೆ ಕೈ ಇಟ್ಟು ನಿಂತ. ನಾನು ಬಗ್ಗಿ ನೋಡಿದೆ. ಗೊಂಚಲು ಇರಲಿ, ದೊಡ್ಡ ಚಿಕ್ಕಿಯೂ ಇಲ್ಲ. ಜಾಲಿಗಿಡಗಳೂ ಇಲ್ಲ. ಆಚೆ ದಂಡೆಯೇ ಇರಲಿಲ್ಲ.

"ಐದ ಅದಾವ," ಅಂದ ಕಾಕಾ. "ಹತ್ರಿ."

ಅವರು ಹತ್ತತೊಡಗಿದರು. ಹರಿಗೋಲು ಒಂದೊಂದೇ ಹೆಜ್ಜೆಗೆ ತಗ್ಗುತ್ತಿತ್ತು. ಹಗ್ಗ ನನ್ನ ಕೈಯಲ್ಲಿತ್ತು. ನಿನಗೆ ಕಾಣುವುದಿಲ್ಲ ಅಂತ ಹನ್ನೆರಡು ಮಂದಿಯ ಮುಂದೆ ಹೇಳಿದರೆ ಮಧ್ಯಾಹ್ನದೊಳಗೆ ಕಾಕಾ ಬದುಕಿದ್ದೂ ಸತ್ತಂತೆ. ಹೇಳದಿದ್ದರೆ...

"ಕಾಕಾ, ನಾನೂ ಎಣಿಸೀನಿ," ಅಂದೆ.

ಹತ್ತುತ್ತಿದ್ದವರು ನಿಂತರು. ಕಾಕಾ ದನಿಯ ಕಡೆಗೆ ಮುಖ ತಿರುಗಿಸಿದ. "ಹಿಂದಿನ ಹುಟ್ಟಿನಂವ ಎಣಸಬಾರದು. ಗೊತ್ತಿಲ್ಲೇನು?"

"ಗೊತ್ತೈತಿ. ತಪ್ಪಾತು. ನನಗ ಎರಡ ಕಂಡಾವ."

"ಎರಡ?" ಹತ್ತಿ ಅಕ್ಕ ನಕ್ಕಳು. "ಮುದುಕಗ ಐದ, ಹರೇದಾಂವಗ ಎರಡ! ಏ ತಂಗಿ, ನಿನ್ನ ಗಂಡಗ ರಾತ್ರಿ ರೊಟ್ಟಿ ಗಂಗಾಳ ಕಾಣ್ತೈತೇನ?"

ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು.

"ಅಂದ್ರ ನನ್ನ ಎಣಿಕಿ ಸುಳ್ಳೇನು?" ಕಾಕಾನ ದನಿ ತಣ್ಣಗಿತ್ತು.

ಆ ಮಾತಿಗೆ ಉತ್ತರ ಹೇಳುವುದು ನನ್ನ ಜೀವನದ ಅತಿ ಭಾರದ ಕೆಲಸ. ಕಲ್ಲು ಹೊತ್ತಿದ್ದೇನೆ, ಕಬ್ಬಿಣ ಹೊತ್ತಿದ್ದೇನೆ, ಅದರಷ್ಟು ಭಾರ ಯಾವುದೂ ಇರಲಿಲ್ಲ. "ಇಲ್ಲ ಕಾಕಾ. ನೀ ಐದ ಅಂದ್ರ ಐದ. ನನ್ನ ಕಣ್ಣ ಕೆಟ್ಟಾವ. ಕಣ್ಣಿಲ್ಲದಾಂವ ಹಿಂದ ಕುಂತ್ರ ಹನ್ನೆರಡ ಜೀವದ ಜಿಮ್ಮಾ ಯಾರದು? ಬೆಳಕ ಹರೀಲಿ."

"ಹಂಗಾರ ನೀ ಉಳಿ. ನಾ ಒಬ್ಬನ ಒಯ್ತೀನಿ. ಹಗ್ಗ ಬಿಡು."

"ಬಿಡಂಗಿಲ್ಲ."

ಕಾಕಾ ಕಲ್ಲಿನಿಂದ ಇಳಿದು ಬಂದ. ಹಗ್ಗವನ್ನು ತಡವಿ ಹಿಡಿದ, ಎಳೆದ. ನಾನೂ ಎಳೆದೆ. "ಕೂಲಿ ಹೋಗ್ತೈತಿ, ಬಿಡೋ ಕುರುಡ!" ಅಂತ ಹರಿಗೋಲಿನಿಂದ ಯಾರೋ ಕೂಗಿದರು. ಕಾಕಾ ಹುಟ್ಟಿನ ಹಿಡಿಯಿಂದ ನನ್ನ ಮುಂಗೈಗೆ ಒಂದು ಏಟು ಕೊಟ್ಟ. ಎಲುಬಿಗೆ ತಾಗಿತು. ಬಿಡಲಿಲ್ಲ. ಆಮೇಲೆ ಅವನು ಹಗ್ಗ ಹಿಡಿದೇ ಹತ್ತಿರ ಬಂದ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

"ಖರೇ ಹೇಳು. ಎಷ್ಟು?"

"ಒಂದೂ ಇಲ್ಲ, ಕಾಕಾ."

ಹಗ್ಗ ಸಡಿಲಾಯಿತು. ನಂತರ ಅವನು ಆಚೆ ತಿರುಗಿ, ಇಡೀ ದಂಡೆಗೆ ಕೇಳುವ ಹಾಗೆ ಕೂಗಿದ: "ಇಳೀರಿ ಎಲ್ಲಾರೂ! ಈ ಕುರುಡನ ಕಟಗೊಂಡ ನಾ ಹೊಳಿಗಿ ಇಳಿಯಂಗಿಲ್ಲ. ಬಿಸಲ ಬೀಳಲಿ."

ಬೈಯುತ್ತ ಇಳಿದರು. ಬೆಂಕಿ ಹಾಕಿದರು. ಬಿಸಿಲು ಬಿದ್ದು ಮಂಜು ಹರಿದಾಗ ನೋಡಿದರೆ, ರಾತ್ರಿ ನೀರು ಇಳಿದು, ನಾವು ದಿನಾ ಹೋಗುವ ದಾರಿಯಲ್ಲೇ ಇನ್ನೂ ನಾಲ್ಕು ಬಂಡೆಗಳು ತಲೆ ಎತ್ತಿ ಕೂತಿದ್ದವು. ಹತ್ತಿ ಅಕ್ಕ ಅವನ್ನೇ ನೋಡುತ್ತ ಅಂದಳು: "ಕುರುಡಂದ ನಸೀಬ ಚಲೋ ಐತಿ."

ಅವತ್ತಿನಿಂದ ಮೊದಲ ಸರದಿ ಬಿಸಿಲು ಬಿದ್ದ ಮೇಲೆಯೇ. ಜೊತೆಯವನ ಕಣ್ಣು ಸರಿ ಇಲ್ಲ ಅಂತ ಕಾಕಾ ಕೇಳಿದವರಿಗೆಲ್ಲ ಹೇಳುತ್ತಿದ್ದ. ನನಗೆ 'ಎರಡ ಚಿಕ್ಕಿ' ಅಂತ ಹೆಸರು ಬಿತ್ತು. ಸಂತೆಯಲ್ಲಿ, ಹೋಟೆಲ್ಲಿನಲ್ಲಿ, ದೇವಾಪುರದ ನೆಂಟರ ಮನೆಯಲ್ಲಿ ಕೂಡ ಅದೇ. ನನ್ನ ಹೆಂಡತಿ 'ಎರಡ ಚಿಕ್ಕಿ ಹೆಂಡ್ತಿ' ಆದಳು. ನಾನು ಮಾನಕ್ಕೆ ಅಂಜುವವನು. ಒಂದೇ ಒಂದು ಸಲ, ಯಾರಾದರೂ ಒಬ್ಬರ ಮುಂದೆ, ಕಾಕಾ ಖರೆ ಹೇಳುತ್ತಾನೆ ಅಂತ ಕಾದೆ. ಎರಡು ವರ್ಷ ಕಾದೆ. ಹೇಳಲಿಲ್ಲ. ಸಿಟ್ಟಿನಿಂದಲೇ ಊರು ಬಿಟ್ಟು ಶಹಾಪುರಕ್ಕೆ ಬಂದು ವೆಲ್ಡಿಂಗ್ ಕಲಿತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ಅವನು ಬದುಕಿರುವವರೆಗೆ ನಾನು ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಸೇತುವೆ ಬಂತು. ಹರಿಗೋಲು ದಂಡೆಯ ಮೇಲೆ ಬೋರಲು ಬಿತ್ತು. ಕಾಕಾ ಹೋದ ಸುದ್ದಿ ಬಂದು ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕಾಕಿ ಒಳಗಿನಿಂದ ಮುಂದಿನ ಹುಟ್ಟನ್ನು ತಂದು ನನ್ನ ಕೈಗೆ ಕೊಟ್ಟಳು.

"ಹೋಗೂ ಮುಂದ ಹೇಳ್ಯಾರಪ್ಪ, ಕಣ್ಣಿದ್ದಾಂವಗ ಕೊಡು ಅಂತ. ಕುಂತ ಮಂದಿ ಯಾರು, ಯಾರು ಅಂತ ಕೇಳಿದ್ರು. ನಾ ಬಾಯಿ ಬಿಡಲಿಲ್ಲ."

ಹಿಡಿ ಅವನ ಕೈಗೆ ಸವೆದು ನುಣುಪಾಗಿತ್ತು. ನನ್ನ ಮುಂಗೈಗೆ ಏಟು ಕೊಟ್ಟ ಹಿಡಿ ಅದೇ. ಅದನ್ನು ಹಿಡಿದು ಬಸ್ಸಿನಲ್ಲಿ ನಿಂತುಕೊಂಡೇ ಶಹಾಪುರಕ್ಕೆ ಬಂದೆ...

ಡಾಂಬರು ಕಾಸಿದ ದಿನ ಇದನ್ನೆಲ್ಲ ಸಣ್ಣ ಮಗಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಆ ಗೊಂಚಲಿಗೆ ದಕ್ಷಿಣದ ಕೃತ್ತಿಕೆ ಅನ್ನುತ್ತಾರಂತೆ. ಅದೊಂದು ತೆರೆದ ನಕ್ಷತ್ರಗುಚ್ಛ, ಒಂದೇ ಮೋಡದ ಹೊಟ್ಟೆಯಲ್ಲಿ ಹುಟ್ಟಿದ ಎಳೆಯ ಚಿಕ್ಕಿಗಳು. ಐದಲ್ಲ ಅಪ್ಪಾ, ಅರವತ್ತಕ್ಕೂ ಹೆಚ್ಚು ಅಂದಳು. ನನಗೆ ಆ ಚಿತ್ರ ಮಸುಕಾಗಿ ಕಾಣುತ್ತಿತ್ತು. ಮೊಬೈಲು ಸರಿ ಇಲ್ಲ ಅಂದೆ. ಆರು ತಿಂಗಳಿಂದ ಬೆಸುಗೆಯ ಗೆರೆ ಒಂದು ಕೂದಲು ಅತ್ತಿತ್ತ ಹೋಗುತ್ತಿದೆ. ನಾನೂ ಅದನ್ನು ಬೆರಳಿನಿಂದ ತಡವಿ ನೋಡುತ್ತಿದ್ದೆ. ಮುಂದಿನ ತಿಂಗಳು ಒಂದು ಶಾಲೆಯ ಮಾಳಿಗೆಯ ಅಂಚಿಗೆ ಕಬ್ಬಿಣದ ಕಟಕಟೆ ಕೂಡಿಸಬೇಕು. ಮಕ್ಕಳು ಒರಗಿ ನಿಲ್ಲುವ ಕಟಕಟೆ.

ಇವತ್ತು ಬೆಳಕು ಹರಿಯುವ ಮುಂಚೆ ಮಾಳಿಗೆ ಹತ್ತಿದೆ. ಮಂಜಿರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಹಿಂದೆಯೇ ಹೆಂಡತಿ ಶಾಲು ಹೊದ್ದು ಬಂದಳು. ನಾನು ದಕ್ಷಿಣಕ್ಕೆ ಮುಖ ಮಾಡಿ ಹುಬ್ಬಿನ ಮೇಲೆ ಕೈ ಇಟ್ಟೆ.

"ಎಷ್ಟದಾವ್ರಿ?" ಅಂದಳು.

ಐದು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದು ಎಷ್ಟು ಸಲೀಸಾಗಿ ಬರುತ್ತದೆ ಅಂತ ಅವತ್ತಿನ ಕಾಕಾನಿಗೆ ಗೊತ್ತಿತ್ತು, ಇವತ್ತು ನನಗೂ ಗೊತ್ತಾಯಿತು.

"ಮೂರ," ಅಂದೆ.

"ಹಂಗಾರ ಕುಂದರ್ರಿ," ಅಂದಳು.

ಕೂತೆ. ಬೆಳಕಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು. ಕಟಕಟೆಯ ಕೆಲಸ ಬೇರೆಯವರಿಗೆ ಕೊಡಿ ಅಂತ ಹೇಳಿ ಕಳಿಸಿದ್ದೇನೆ. ಸೋಮವಾರ ಯಾದಗಿರಿಗೆ ಹೋಗಿ ಕಣ್ಣು ತೋರಿಸುತ್ತೇನೆ. ಕಾಕಾನನ್ನು ಕರೆದುಕೊಂಡು ಹೋಗಬೇಕಾಗಿದ್ದ ದಾರಿ ಅದು.

ಈಗ ನನ್ನ ಹತ್ತಿರ ಇರುವುದು ಇಷ್ಟು: ತಗಡಿನ ಶೆಡ್ಡು ಒಂದು, ವೆಲ್ಡಿಂಗ್ ಯಂತ್ರ ಎರಡು, ಹೆಣ್ಣುಮಕ್ಕಳು ಇಬ್ಬರು, ಹೆಂಡತಿ ಒಬ್ಬಳು, ಹುಟ್ಟು ಒಂದು. ಚಿಕ್ಕಿ ಮೂರು.