ಏಳೂ ನಲ್ವತ್ತರ ಜವಾಬ್ದಾರಿ

ಹಿರಿಯಡ್ಕದ ಬೇಬಿಯಕ್ಕ ಅರವತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗಿದರು. ಲೋಕವೆಲ್ಲ ಅರವತ್ತಕ್ಕೆ ಕೆಲಸ ಬಿಟ್ಟು ಮನೆಗೆ ಬಂದರೆ ಇವರದು ತಿರುಗುಮುರುಗು. ಸಂಬಳವೂ ಇಲ್ಲ, ರಜೆಯೂ ಇಲ್ಲ. ಕೆಲಸವೆಂದರೆ ತಮ್ಮ ಉಪ್ಪರಿಗೆಯಲ್ಲಿ ಬಾಡಿಗೆಗಿದ್ದ ಸ್ಕಾಟ್ಲೆಂಡಿನ ಜೆಫ್ರಿ ಮೇಷ್ಟ್ರನ್ನು ದಿನವೂ ಬಸ್ಸಿನಲ್ಲಿ ಮಣಿಪಾಲದ ಕಾಲೇಜಿಗೆ ಮುಟ್ಟಿಸಿ, ಸಂಜೆ ಅಷ್ಟೇ ಭದ್ರವಾಗಿ ಮನೆಗೆ ತರುವುದು. ಮೇಷ್ಟ್ರಿಗೆ ಐವತ್ತು ವರ್ಷ, ಎತ್ತರ ಆರಡಿ ಮೂರಂಗುಲ, ಕಲಿಸುವುದು ಭೂಪಟ ಬಿಡಿಸುವ ವಿದ್ಯೆ. ಅಂಥವರು ದಾರಿ ತಪ್ಪದಂತೆ ಕಾಯಲು ಅವರ ಮೊಣಕೈ ಎತ್ತರದ ಬೇಬಿಯಕ್ಕ.

ಮಣಿಪಾಲದ ಫ್ಲ್ಯಾಟಿನ ಕಿಟಕಿ ತೆರೆದರೆ ಎದುರು ಫ್ಲ್ಯಾಟಿನವರು ಒಣಹಾಕಿದ ಬಟ್ಟೆ ಬಿಟ್ಟು ಬೇರೇನೂ ಕಾಣುವುದಿಲ್ಲವೆಂದು ಬೇಸತ್ತು ಜೆಫ್ರಿ ಇಲ್ಲಿಯವರೆಗೆ ಬಂದಿದ್ದರು. ದುಬೈಯಲ್ಲಿರುವ ಬೇಬಿಯಕ್ಕನ ಮಗ ವಿಕಾಸ್ ಕಟ್ಟಿಸಿದ ಉಪ್ಪರಿಗೆ ಖಾಲಿ ಇತ್ತು, ಎದುರಿಗೆ ಹಲಸಿನ ಮರವಿತ್ತು. ಬೇಬಿಯಕ್ಕನ ಗಂಡ ವಿಠಲಣ್ಣ ಕೂಡಲೇ ಒಪ್ಪಿದರು. ಆದರೆ ಪರದೇಶದವರು ಬಾಡಿಗೆಗೆ ಬಂದರೆ ಠಾಣೆಗೆ ತಿಳಿಸಬೇಕಲ್ಲ. ಜಾಗ ಬೇಬಿಯಕ್ಕನಿಗೆ ತಾಯಿಯ ಪಾಲಿನಿಂದ ಬಂದದ್ದು, ಹಾಗಾಗಿ ರುಜುವೂ ಅವರದೇ ಆಗಬೇಕಾಯಿತು. ಠಾಣೆಯ ಪೊಲೀಸರು ಎಲ್ಲರಿಗೂ ಹೇಳುವ ಮಾತನ್ನೇ ಇವರಿಗೂ ಹೇಳಿದರು.

"ಇನ್ನು ಅವರ ಜವಾಬ್ದಾರಿ ನಿಮ್ಮದು ಅಮ್ಮ. ಎಲ್ಲಿದ್ದಾರೆ ಅಂತ ಕೇಳಿದರೆ ನೀವು ಹೇಳಬೇಕು."

ಹಾಕಿದ ರುಜುವಿಗೆ ತಪ್ಪುವ ಹೆಂಗಸಲ್ಲ ಬೇಬಿಯಕ್ಕ. ಮಣಿಪಾಲದಲ್ಲಿರುವವರು ಎಲ್ಲಿದ್ದಾರೆಂದು ಹಿರಿಯಡ್ಕದಲ್ಲಿ ಕುಳಿತು ಹೇಳುವುದು ಹೇಗೆ? ಮರುದಿನ ಐದಕ್ಕೇ ಎದ್ದು ಗಂಜಿ ಬೇಯಿಸಿಟ್ಟು, ಚೀಲದಲ್ಲಿ ಒಂದು ಕಟ್ಟು ಅಲಸಂದೆ ಹಾಕಿಕೊಂಡು, ಏಳೂ ನಲ್ವತ್ತರ ಬಸ್ಸಿಗೆ ಜೆಫ್ರಿಯ ಪಕ್ಕ ಬಂದು ನಿಂತರು. ಜೆಫ್ರಿ ಗುಡ್ ಮಾರ್ನಿಂಗ್ ಎಂದರು, ಇವರೂ ಎಂದರು. ಏಕೆ, ಎಲ್ಲಿಗೆ ಎಂಬ ಮಾತು ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿ.

ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಬೇಬಿಯಕ್ಕ ಕಿಟಕಿಯ ಪಕ್ಕ ಕುಳಿತು ಪ್ರತಿ ಸ್ಟಾಪಿನಲ್ಲೂ ತಿರುಗಿ ಜೆಫ್ರಿಯನ್ನು ಎಣಿಸುತ್ತಿದ್ದರು. ಇದ್ದದ್ದು ಒಂದೇ ತಲೆ, ಅದೂ ಬಸ್ಸಿನ ಸೂರಿಗೆ ತಾಗುವ ತಲೆ. ಆದರೂ ಎಣಿಸುತ್ತಿದ್ದರು. ಪರ್ಕಳದಲ್ಲಿ ಜನ ತುಂಬಿ ಹಿಂದಿನದು ಏನೂ ಕಾಣದಾದಾಗ ಕಂಡಕ್ಟರ್ ಸಿಲ್ವೆಸ್ಟರ್ ತಾನಾಗಿಯೇ ಕೂಗಿ ಹೇಳುತ್ತಿದ್ದ, "ಇದ್ದಾರೆ ಬೇಬಿಯಕ್ಕ, ಇದ್ದಾರೆ." ಆಮೇಲೆಯೇ ಬಸ್ಸಿಗೆ ರೈಟ್.

ಕಾಲೇಜಿನ ಗೇಟಿನಲ್ಲಿ ಬಂದವರ ಹೆಸರು, ಹೊತ್ತು, ಉದ್ದೇಶ ಬರೆಯುವ ಪುಸ್ತಕವಿತ್ತು. ಉದ್ದೇಶದ ಜಾಗದಲ್ಲಿ ಸೆಕ್ಯುರಿಟಿಯವನು ಮೊದಲ ದಿನ ತುಂಬಾ ಯೋಚಿಸಿ 'ಜೆಫ್ರಿ' ಎಂದು ಬರೆದ. ಆಮೇಲೆ ದಿನವೂ ಅದೇ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬೇಬಿಯಕ್ಕ ಅಲಸಂದೆ ಮುರಿಯುತ್ತ, ಹೋಗಿಬರುವವರನ್ನು ನೋಡುತ್ತ ಸಂಜೆಯವರೆಗೆ ಕುಳಿತಿರುತ್ತಿದ್ದರು. ಒಮ್ಮೆ ಆದಿ ಉಡುಪಿಗೆ ತರಕಾರಿ ತರಲು ಹೋಗುವಾಗ ಜೆಫ್ರಿಯನ್ನು ಎರಡು ಗಂಟೆಯ ಮಟ್ಟಿಗೆ ಸೆಕ್ಯುರಿಟಿಯವನಿಗೆ ವಹಿಸಿ ಹೋದರು. ಅವನು ಆ ಎರಡು ಗಂಟೆ ಚಹಾಕ್ಕೂ ಕದಲಲಿಲ್ಲ. ಒಂದು ಭಾನುವಾರ ಜೆಫ್ರಿ ಕಾಪುವಿನ ದೀಪಸ್ತಂಭ ನೋಡಲು ಹೊರಟರೆ ಬೇಬಿಯಕ್ಕನೂ ಹೊರಟರು. ಅವರು ಮೇಲೆ ಹತ್ತಿ ಇಳಿಯುವವರೆಗೂ ಇವರು ಕೆಳಗೆ ಬಾಗಿಲಲ್ಲಿ ನಿಂತಿದ್ದರು. ಇದ್ದದ್ದು ಒಂದೇ ಬಾಗಿಲು, ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ!

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಜೆಫ್ರಿಗೆ ಜ್ವರ ಬಂತು. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, ಕಲಿತಷ್ಟು ಕನ್ನಡದಲ್ಲಿ, ತಾನು ಇವತ್ತು ಬರುವುದಿಲ್ಲ, ನೀವು ಹೊರಡಿ, ನಿಮ್ಮ ಕೆಲಸಕ್ಕೆ ತಡವಾಗುತ್ತದೆ ಎಂದರು. ಯಾವ ಕೆಲಸ ಎಂದು ಬೇಬಿಯಕ್ಕ ಕೇಳಿದರು. ಜೆಫ್ರಿ ಇಷ್ಟು ದಿನ ತಿಳಿದದ್ದು ಅವರು ಕಾಲೇಜಿನ ಗೇಟಿನಲ್ಲಿ ನೌಕರಿಯಲ್ಲಿದ್ದಾರೆಂದು. ಕಾಪುವಿಗೆ ಬಂದದ್ದು ದೀಪಸ್ತಂಭದ ಮೇಲಿನ ಪ್ರೀತಿಯಿಂದ ಎಂದು. ವಿಠಲಣ್ಣ ನಗುತ್ತ ನಗುತ್ತ ಠಾಣೆಯ ಕಥೆಯನ್ನೆಲ್ಲ ಹೇಳಿದರು. ಜೆಫ್ರಿಗೆ ನಗು ಬರಲಿಲ್ಲ. ತನಗಾಗಿ ಒಬ್ಬ ಹಿರಿಯ ಹೆಂಗಸು ನಾಲ್ಕು ತಿಂಗಳು ಕಲ್ಲಿನ ಮೇಲೆ ಕುಳಿತಿದ್ದರೆಂದು ಅವರಿಗೆ ನಾಚಿಕೆಯಾಯಿತು. ಜ್ವರ ಬಿಟ್ಟ ವಾರದಲ್ಲೇ ಕಾಲೇಜಿನ ಪಕ್ಕ ಒಂದು ಕೋಣೆ ಗೊತ್ತು ಮಾಡಿ, ಇನ್ನು ನಿಮಗೆ ತೊಂದರೆಯಿಲ್ಲ ಎಂದು ಬಂದು ತಿಳಿಸಿದರು.

ಬೇಬಿಯಕ್ಕನಿಗೆ ತೊಂದರೆಯಾದದ್ದೇ ಅದರಿಂದ. ಮದುವೆಯಾಗಿ ನಲ್ವತ್ತು ವರ್ಷ ಅವರು ಬಸ್ಸು ಹತ್ತಿದ್ದು ಮದುವೆಗೆ, ಸತ್ತವರ ಬೊಜ್ಜಕ್ಕೆ, ಆಸ್ಪತ್ರೆಗೆ. ಈಗ ಅವರಿಗೊಂದು ಕಿಟಕಿಯಿತ್ತು. ಹತ್ತುವ ಮೊದಲೇ ಜಾಗ ಹಿಡಿದಿಡುವ ನರ್ಸ್ ಪ್ರಣೀತಾ ಇದ್ದಳು. ಒಂದು ದಿನ ಬಾರದಿದ್ದರೆ ಎಲ್ಲಿ ಹೋದಿರಿ ಎಂದು ಕೇಳುವವರಿದ್ದರು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕೆಲಸವಿಲ್ಲದ ಹೆಂಗಸು ದಿನವೂ ಪೇಟೆಗೆ ಹೋದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಜವಾಬ್ದಾರಿಗೆಂದು ಹೊರಟರೆ ಯಾರೂ ಕೇಳುವುದಿಲ್ಲ. ಆ ವಾರವೆಲ್ಲ ಅವರು ಸಾರಿಗೆ ಉಪ್ಪು ಹಾಕಲು ಮರೆತರು, ವಿಠಲಣ್ಣ ಸುಮ್ಮನೆ ಉಂಡರು.

ಭಾನುವಾರ ರಿಕ್ಷಾ ಬಂತು. ಎರಡು ಸೂಟ್‌ಕೇಸು, ಒಂದು ಕಟ್ಟು ಭೂಪಟ ಒಳಗೆ ಹೋದವು. ಜೆಫ್ರಿ ಕೈ ಮುಗಿದು, "ಇನ್ನು ನೀವು ಫ್ರೀ, ಬೇಬಿಯಕ್ಕ" ಎಂದರು.

ಬೇಬಿಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನೀವು ಹೋದರೆ ನಾನು ಎಲ್ಲಿಗೆ ಹೋಗುವುದು?"

ವಿಠಲಣ್ಣ ಹೆಂಡತಿಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಭೂಪಟದ ಮೇಷ್ಟ್ರು ರಿಕ್ಷಾದಿಂದ ಒಂದು ಸೂಟ್‌ಕೇಸು ಇಳಿಸಿ ಉಪ್ಪರಿಗೆಯ ಮೆಟ್ಟಿಲ ಬುಡದಲ್ಲಿಟ್ಟರು. ಇನ್ನೊಂದನ್ನು ವಿಠಲಣ್ಣ ಇಳಿಸಿದರು.

ಸೋಮವಾರ ಏಳೂ ನಲ್ವತ್ತರ ಬಸ್ಸು ಎಂದಿನಂತೆ ಬಂತು. ಪರ್ಕಳದಲ್ಲಿ ಜನ ಎಂದಿನಂತೆ ತುಂಬಿದರು. ಬೇಬಿಯಕ್ಕ ಅಂದು ಎಣಿಸುವುದನ್ನೇ ಮರೆತು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಸಿಲ್ವೆಸ್ಟರ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಜೆಫ್ರಿಯ ಗಟ್ಟಿ ದನಿ ಕೇಳಿಸಿತು.

"ಸಿಲ್ವೆಸ್ಟರ್, ಬೇಬಿಯಕ್ಕ ಇದ್ದಾರಾ?"

"ಇದ್ದಾರೆ ಮಾರಾಯ್ರೆ, ಇಬ್ಬರೂ ಇದ್ದಾರೆ" ಎಂದು ಸಿಲ್ವೆಸ್ಟರ್ ರೈಟ್ ಹೇಳಿದ.